ಬಿಗಿಯುವುದೆಷ್ಟು, ಬಿಡುವುದೆಷ್ಟು

ಟೆಸ್ಟ್ ಕ್ರಿಕೆಟ್ಟಿನ ಸ್ಪಿನ್ ಬೌಲರುಗಳಲ್ಲಿ ಅತಿ ಹೆಚ್ಚು ವಿಕೆಟ್ಟುಗಳನ್ನು ಗಳಿಸಿದ ಮೂವರು ಯಾರೆಂದು ಕೇಳಿದರೆ, ಆಟದಲ್ಲಿ ಅಲ್ಪಸ್ವಲ್ಪ ಆಸಕ್ತಿಯುಳ್ಳವರೂ 800 ವಿಕೆಟ್ಟುಗಳ ಮುತ್ತಯ್ಯ ಮುರಳೀಧರನ್, 708ರ ಶೇನ್ ವಾರ್ನ್, 619ರ ಅನಿಲ್ ಕುಂಬ್ಳೆ ಎಂದು ತಡವರಿಸದೆ ಹೇಳಿಯಾರು. ಆದರೆ ಈ ಮೂವರೂ ತಮ್ಮ ಕೀರ್ತಿಯ ಮಧ್ಯಾಹ್ನದಲ್ಲಿಯೇ ಭುಜವನ್ನು ಶಸ್ತ್ರವೈದ್ಯನ ಕೈಗೆ ಒಪ್ಪಿಸಬೇಕಾಗಿ ಬಂದವರೆಂಬ ಸಂಗತಿಯನ್ನು ನೆನೆಯುವವರು ವಿರಳ. ವಾರ್ನ್ ಶಸ್ತ್ರಚಿಕಿತ್ಸೆಗೆ ಒಳಗಾದದ್ದು 1998ರಲ್ಲಿ, ಕುಂಬ್ಳೆ 2000–01ರ ಋತುವಿನಲ್ಲಿ, ಮುರಳೀಧರನ್ 2004ರಲ್ಲಿ. ಅರ್ಧ ಶತಮಾನದಷ್ಟು ಹಿಂದೆ ಹುಟ್ಟಿದ್ದರೆ ಈ ಮೂವರ ಆಟವೂ ಅಲ್ಲಿಗೇ ಮುಗಿಯುತ್ತಿತ್ತೆಂದು ಹೇಳುವುದು ಅತಿಶಯೋಕ್ತಿಯಾಗಲಾರದು.

ಕುಂಬ್ಳೆಯವರ ವಿಷಯವನ್ನು ನಾವು ಕನ್ನಡಿಗರು ಹತ್ತಿರದಿಂದ ಕಂಡವರು. 2001ರ ವಸಂತದಲ್ಲಿ ಆಸ್ಟ್ರೇಲಿಯದ ತಂಡ ಇಲ್ಲಿಗೆ ಬಂದು, ಹರ್ಭಜನ್ ಸಿಂಗ್ ಮೂರು ಟೆಸ್ಟುಗಳಲ್ಲಿ 32 ವಿಕೆಟ್ಟುಗಳನ್ನು ಕಿತ್ತು ದೇಶವನ್ನೇ ಸಂಭ್ರಮದಲ್ಲಿ ಮುಳುಗಿಸಿದ ಆ ದಿನಗಳಲ್ಲಿ, ಅದಕ್ಕೆ ಎರಡು ವರ್ಷಗಳ ಹಿಂದಷ್ಟೇ ದೆಹಲಿಯಲ್ಲಿ ಪಾಕಿಸ್ತಾನದ ಹತ್ತು ವಿಕೆಟ್ಟುಗಳನ್ನೂ ಒಂದೇ ಇನಿಂಗ್ಸಿನಲ್ಲಿ 74 ರನ್ನುಗಳಿಗೆ ಪಡೆದಿದ್ದ ಬೌಲರು, ದಕ್ಷಿಣ ಆಫ್ರಿಕದಲ್ಲಿ ಶಸ್ತ್ರಚಿಕಿತ್ಸೆಯಾದ ಬಲಭುಜವನ್ನು ಮತ್ತೆ ಮೇಲೆತ್ತುವ ಅಭ್ಯಾಸದಲ್ಲಿದ್ದರು. ವಯಸ್ಸು ಮೂವತ್ತು ದಾಟಿತ್ತು. ಅವರ ಕಾಲ ಮುಗಿಯಿತೆಂದು ಬರೆದವರಿಗೂ ನುಡಿದವರಿಗೂ ಕೊರತೆಯಿರಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಇಂಗ್ಲೆಂಡಿನ ವಿರುದ್ಧ ಅವರು ತಮ್ಮ 300ನೆಯ ವಿಕೆಟ್ಟನ್ನು ಪಡೆದರು. ಅವರ 619ರಲ್ಲಿ ಅರ್ಧಕ್ಕಿಂತ ಹೆಚ್ಚಿನ ಭಾಗ, 2004ರ ಜನವರಿಯಲ್ಲಿ ಸಿಡ್ನಿಯಲ್ಲಿ ಒಂದೇ ಇನಿಂಗ್ಸಿನಲ್ಲಿ ಪಡೆದ ಎಂಟು ವಿಕೆಟ್ಟುಗಳೂ ಸೇರಿದಂತೆ, ಆ ಶಸ್ತ್ರಚಿಕಿತ್ಸೆಯ ಈಚೆಗೆ ಬಂದುದೆಂಬುದನ್ನು ಗಮನಿಸಿದಾಗ, ಭುಜವೆಂಬ ಈ ಅಂಗವನ್ನೂ ಅದನ್ನು ದುರಸ್ತಿಮಾಡುವ ವಿದ್ಯೆಯನ್ನೂ ಸಾವಕಾಶವಾಗಿ ಅರಿಯಬೇಕೆಂಬ ಕುತೂಹಲ ಸಹಜವಾಗಿಯೇ ಮೂಡುತ್ತದೆ.

ಮಾನವದೇಹದ ಕೀಲುಗಳಲ್ಲೆಲ್ಲ ಭುಜದಷ್ಟು ಸ್ವಚ್ಛಂದವಾಗಿ ಚಲಿಸಬಲ್ಲ ಕೀಲು ಮತ್ತೊಂದಿಲ್ಲ. ತೊಡೆಯ ಮೂಳೆಯ ತಲೆ ಸೊಂಟದ ಆಳವಾದ ಗುಳಿಯೊಳಗೆ ಭದ್ರವಾಗಿ ಕುಳಿತಿದ್ದರೆ, ರೆಟ್ಟೆಯ ಮೂಳೆಯ ಗುಂಡುತಲೆ ಹೆಗಲೆಲುಬಿನ ಅಂಚಿನಲ್ಲಿರುವ, ಗುಳಿಯೆಂದು ಕರೆಯುವುದಕ್ಕೂ ಸಂಕೋಚವಾಗುವಷ್ಟು ಆಳವಿಲ್ಲದ, ಸಣ್ಣದೊಂದು ತಗ್ಗಿಗೆ ಒರಗಿಕೊಂಡಿರುತ್ತದೆ. ಯಾವ ಕ್ಷಣದಲ್ಲಿ ನೋಡಿದರೂ ಆ ಗುಂಡಿನ ಮೇಲ್ಮೈಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿನದು ತಗ್ಗಿಗೆ ತಾಗಿರುವುದಿಲ್ಲ. ಶಾಲೆಯ ವಾರ್ಷಿಕೋತ್ಸವದ ಓಟದಲ್ಲಿ ಮಕ್ಕಳು ಚಮಚದಲ್ಲಿ ನಿಂಬೆಹಣ್ಣನ್ನಿಟ್ಟುಕೊಂಡು ಓಡುವುದನ್ನು ನೋಡಿದವರಿಗೆ ಈ ಕೀಲಿನ ಸ್ಥಿತಿ ಕೂಡಲೇ ಅರ್ಥವಾದೀತು: ಹಣ್ಣು ಬೀಳದಿರುವುದು ಚಮಚದ ಆಳದಿಂದಲ್ಲ, ಪ್ರತಿ ಹೆಜ್ಜೆಗೂ ಚಮಚವನ್ನು ಹಣ್ಣಿನ ಕೆಳಕ್ಕೆ ತರುತ್ತಿರುವ ಎಚ್ಚರದಿಂದ. ಭುಜದಲ್ಲಿ ಈ ಎಚ್ಚರವನ್ನು ವಹಿಸಿಕೊಂಡಿರುವುವು ರೊಟೇಟರ್ ಕಫ್ ಎಂಬ ಸಾಮೂಹಿಕ ಹೆಸರಿನ ನಾಲ್ಕು ಸ್ನಾಯುಗಳು. ಗುಂಡನ್ನು ಹಿಂದಿನಿಂದಲೂ ಮುಂದಿನಿಂದಲೂ ಮೇಲಿನಿಂದಲೂ ಅಪ್ಪಿಕೊಂಡು, ತೋಳು ಎತ್ತ ಚಲಿಸಿದರೂ ಅದನ್ನು ತಗ್ಗಿನ ನಡುವಿಗೆ ಒತ್ತಿ ಹಿಡಿಯುವುದು ಇವುಗಳ ಕೆಲಸ. ತಗ್ಗಿನ ಸುತ್ತಲೂ ಲೇಬ್ರಮ್ ಎಂಬ ನಾರಿನ ಅಂಚುಪಟ್ಟಿಯೊಂದು ಆವರಿಸಿಕೊಂಡು ಅದರ ಆಳವನ್ನು ಕೊಂಚ ಹೆಚ್ಚಿಸುತ್ತದೆ. ಆ ಪಟ್ಟಿಯಿಂದಲೇ ಹೊರಟ ಅಸ್ಥಿರಜ್ಜುಗಳು ಕೀಲಿನ ಕೋಶದಲ್ಲಿ ಹೆಣೆದುಕೊಂಡು, ತೋಳು ತನ್ನ ಚಲನೆಯ ಕೊನೆಯ ಎಲ್ಲೆಯನ್ನು ಮುಟ್ಟಿದಾಗ ಮಾತ್ರ ಬಿಗಿದು ನಿಲ್ಲುತ್ತವೆ. ಇನ್ನು ಹೆಗಲೆಲುಬೋ, ತಾನೇ ಬೆನ್ನಿನ ಮಾಂಸದ ಮೇಲೆ ತೇಲುತ್ತಿರುವಂಥದು. ಇಡೀ ತೋಳು ಮುಂಡಕ್ಕೆ ಮೂಳೆಯ ಮೂಲಕ ಕೂಡಿಕೊಂಡಿರುವುದು ಕೊರಳೆಲುಬು ಎದೆಯ ಮೂಳೆಯನ್ನು ಸಂಧಿಸುವ ಒಂದೇ ಒಂದು ಎಡೆಯಲ್ಲಿ.

ಇಂಥ ಕೀಲಿನ ಮೇಲೆ ಕ್ರೀಡೆ ಹೇರುವ ಭಾರವಾದರೂ ಎಂಥದು! ಬೇಸ್‌ಬಾಲ್ ಆಟದಲ್ಲಿ ಚೆಂಡೆಸೆಯುವವನ ರೆಟ್ಟೆ, ಹಿಂದಕ್ಕೆ ಬಾಗಿದ ಸ್ಥಿತಿಯಿಂದ ಮುಂದಕ್ಕೆ ತಿರುಗುವ ವೇಗ ಸೆಕೆಂಡಿಗೆ 7000 ಡಿಗ್ರಿಗಳನ್ನು ಮೀರುತ್ತದೆಂದು ಅಳೆದಿದ್ದಾರೆ. ಮನುಷ್ಯಶರೀರದಲ್ಲಿ ಅಳೆಯಲಾದ ಅತ್ಯಂತ ವೇಗದ ಚಲನೆಗಳಲ್ಲಿ ಇದೊಂದು. ಜಾವೆಲಿನ್ ಎಸೆಯುವವನ, ಟೆನಿಸ್ಸಿನಲ್ಲಿ ಸರ್ವ್ ಮಾಡುವವಳ, ವಾಲಿಬಾಲಿನಲ್ಲಿ ಬಲೆಯ ಮೇಲಿನಿಂದ ಚೆಂಡನ್ನು ಹೊಡೆಯುವವನ ಭುಜಗಳೂ ಇದೇ ಜಾತಿಯ ಶ್ರಮಕ್ಕೆ ಈಡಾದಂಥವು. ರಗ್ಬಿ, ಕುಸ್ತಿ, ಕಬಡ್ಡಿಗಳಲ್ಲಿನ ಅಪಾಯ ಬೇರೆ ಬಗೆಯದು: ಅಲ್ಲಿ ಭುಜ ಸವೆಯುವುದಕ್ಕೆ ಮೊದಲೇ ಒಂದು ಕ್ಷಣದ ಸೆಳೆತಕ್ಕೆ ಸಿಕ್ಕಿ ಕಳಚಿಕೊಳ್ಳುತ್ತದೆ. ಒಬ್ಬನಿಗೆ ಬೇಕಾದದ್ದು ಕಳಚದ ಭುಜ, ಮತ್ತೊಬ್ಬನಿಗೆ ಬೇಕಾದದ್ದು ಪೂರ್ತಿ ತಿರುಗುವ ಭುಜ. ಬಹುಮಂದಿಗೆ ಎರಡೂ ಬೇಕು. ಈ ಎರಡು ಬೇಡಿಕೆಗಳು ಪರಸ್ಪರ ವಿರುದ್ಧವಾದುವೆಂಬುದೇ ಭುಜದ ಶಸ್ತ್ರವೈದ್ಯದ ಮೂಲ ಸಂಕಟ, ಮತ್ತು ನನ್ನ ದೃಷ್ಟಿಯಲ್ಲಿ ಅದರ ನೂರು ವರ್ಷಗಳ ಚರಿತ್ರೆಯನ್ನು ಓದುವುದಕ್ಕೆ ಇರುವ ಸರಿಯಾದ ಬೀಗದಕೈ.

ಸಂಕಟ ಬಹಳ ಹಳೆಯದು. ಸುಶ್ರುತಸಂಹಿತೆ ಮೂಳೆಯ ಭಂಗಗಳನ್ನು ಸಂಧಿಮುಕ್ತ, ಕಾಂಡಭಗ್ನವೆಂದು ಎರಡಾಗಿ ವಿಂಗಡಿಸಿ, ಕೀಲು ತಪ್ಪುವುದರಲ್ಲಿಯೇ ಆರು ಬಗೆಗಳನ್ನು ಹೇಳುತ್ತದೆ. ಭುಜದ ಕೀಲು ತಪ್ಪಿದಾಗ ಕಂಕುಳನ್ನು ಒನಕೆಯಿಂದ ಮೇಲಕ್ಕೆತ್ತಿ, ಗುಂಡು ಸ್ವಸ್ಥಾನಕ್ಕೆ ಬಂದ ಮೇಲೆ ಸ್ವಸ್ತಿಕದ ಆಕಾರದಲ್ಲಿ ಕಟ್ಟು ಕಟ್ಟಬೇಕೆಂದು ವಿಧಿಸುತ್ತದೆ. ಗ್ರೀಸಿನ ಹಿಪ್ಪೊಕ್ರಾಟಿಸನ ಹೆಸರಿನಲ್ಲಿ ಉಳಿದುಬಂದಿರುವ ಗ್ರಂಥದಲ್ಲಿ, ರೋಗಿಯ ಕಂಕುಳಲ್ಲಿ ವೈದ್ಯ ತನ್ನ ಹಿಮ್ಮಡಿಯನ್ನಿಟ್ಟು ಕೈಯನ್ನೆಳೆಯುವ ಕ್ರಮದೊಂದಿಗೆ ಇನ್ನೊಂದು ಅಮೂಲ್ಯವಾದ ಮಾತು ಬರುತ್ತದೆ: ಮಿಕ್ಕೆಲ್ಲ ರೀತಿಯಲ್ಲಿಯೂ ಸಮರ್ಥರಾದ ಅನೇಕರು ಮೇಲಿಂದ ಮೇಲೆ ಭುಜ ಕಳಚುವ ಕಾರಣದಿಂದ ಅಂಗಸಾಧನೆಯ ಸ್ಪರ್ಧೆಗಳನ್ನು ತೊರೆಯಬೇಕಾಯಿತೆಂದೂ, ಯುದ್ಧದಲ್ಲಿ ಅದೇ ದೌರ್ಬಲ್ಯದಿಂದ ಪ್ರಾಣ ಕಳೆದುಕೊಂಡರೆಂದೂ ಆ ಗ್ರಂಥಕರ್ತ ಮರುಗುತ್ತಾನೆ. ಅವನು ಸೂಚಿಸುವ ಪರಿಹಾರ ಕಾದ ಕಬ್ಬಿಣದ ಸಲಾಕೆಯಿಂದ ಕಂಕುಳ ಚರ್ಮವನ್ನು ಸುಡುವುದು. ಗಾಯ ಮಾಯುವಾಗ ಬಿಗಿದುಕೊಳ್ಳುವ ಕಲೆ, ಗುಂಡು ಜಾರಿಹೋಗುವ ದಾರಿಯನ್ನೇ ಮುಚ್ಚಲೆಂಬುದು ಅದರ ತರ್ಕ. ಕ್ರೂರವೆನಿಸಿದರೂ ತರ್ಕ ಅವಿವೇಕದ್ದಲ್ಲ. ಬೆನ್ನಿನ ಕಡೆಯೂ ಹೆಗಲ ಮೇಲೆಯೂ ಸುಡುವ ಸಮಕಾಲೀನರನ್ನು, ಗುಂಡು ಜಾರುವ ದಿಕ್ಕನ್ನೇ ಅರಿಯದವರೆಂದು ಅವನು ಖಂಡಿಸುವಲ್ಲಿ, ನಿಜವಾದ ಶಸ್ತ್ರವೈದ್ಯನ ವಿವೇಚನೆ ಕಾಣುತ್ತದೆ.

ಭುಜ ಮರಳಿ ಮರಳಿ ಕಳಚುವುದೇಕೆಂಬ ಪ್ರಶ್ನೆಗೆ ಖಚಿತವಾದ ಉತ್ತರ ದೊರೆಯಲು ಇಪ್ಪತ್ತನೆಯ ಶತಮಾನವೇ ಬರಬೇಕಾಯಿತು. ಜರ್ಮನಿಯ ಗಿಯೋರ್ಗ್ ಪರ್ಥಸ್ 1906ರಲ್ಲಿ ಅತ್ತ ಬೆರಳು ತೋರಿದ್ದರೂ, ವಿಷಯವನ್ನು ಪ್ರಪಂಚಕ್ಕೆ ಮನಗಾಣಿಸಿದ ಕೀರ್ತಿ ಲಂಡನ್ನಿನ ಆರ್ಥರ್ ಸಿಡ್ನಿ ಬ್ಲಂಡೆಲ್ ಬ್ಯಾಂಕಾರ್ಟ್ ಅವರದು. ರೆಟ್ಟೆಯ ಗುಂಡು ಮುಂದಕ್ಕೆ ಜಾರುವಾಗ ತಗ್ಗಿನ ಮುಂಬದಿಯ ಅಂಚುಪಟ್ಟಿಯನ್ನು ಮೂಳೆಯಿಂದ ಕಿತ್ತುಕೊಂಡೇ ಹೋಗುತ್ತದೆ, ಮತ್ತು ಹಾಗೆ ಕಿತ್ತುಹೋದುದು ತಾನಾಗಿ ಮೂಳೆಗೆ ಮರಳಿ ಅಂಟದ ಕಾರಣ ಬಾಗಿಲು ಸದಾ ತೆರೆದಿರುತ್ತದೆಂದು 1923ರಲ್ಲಿ ಅವರು ಪ್ರತಿಪಾದಿಸಿದರು. ಆ ಪಟ್ಟಿಯನ್ನು ಮೂಳೆಯ ಅಂಚಿಗೆ ಮರಳಿ ಹೊಲಿಯುವುದೊಂದೇ ತಕ್ಕ ಚಿಕಿತ್ಸೆಯೆಂದು ವಾದಿಸಿ, 1938ರಲ್ಲಿ ತಾವು ಸತತವಾಗಿ ಮಾಡಿದ 27 ಶಸ್ತ್ರಚಿಕಿತ್ಸೆಗಳ ಫಲವನ್ನು ಪ್ರಕಟಿಸಿದರು. ಒಂದು ಭುಜವೂ ಮತ್ತೆ ಕಳಚಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ತೋಳಿನ ಚಲನೆ ಉಳಿದುಬಂದಿತ್ತು.

ಆದರೆ ಮೂಳೆಯ ಅಂಚಿನಲ್ಲಿ ರಂಧ್ರಗಳನ್ನು ಕೊರೆದು, ಕೈಬೆರಳೂ ಸುಲಭವಾಗಿ ನುಸುಳದ ಆಳದಲ್ಲಿ ಹೊಲಿಗೆ ಹಾಕುವ ಆ ಕೆಲಸ ದುಸ್ಸಾಧ್ಯವಾಗಿದ್ದುದರಿಂದ, ಅನೇಕ ಶಸ್ತ್ರವೈದ್ಯರು ಸುಲಭವಾದ ಮಾರ್ಗಗಳನ್ನು ಹಿಡಿದರು. ಬೊಲೋನ್ಯದ ವಿಟ್ಟೋರಿಯೊ ಪುಟ್ಟಿ, ಮ್ಯಾಂಚೆಸ್ಟರಿನ ಹ್ಯಾರಿ ಪ್ಲಾಟ್ ಇವರಿಬ್ಬರ ಹೆಸರಿನಲ್ಲಿ ಪ್ರಸಿದ್ಧವಾದ ವಿಧಾನದಲ್ಲಿ, ಭುಜದ ಮುಂಬದಿಯ ಸಬ್‌ಸ್ಕ್ಯಾಪುಲಾರಿಸ್ ಸ್ನಾಯುವನ್ನು ಕತ್ತರಿಸಿ, ಒಂದರ ಮೇಲೊಂದು ಮಡಿಸಿ ಹೊಲಿದು ಗಿಡ್ಡಮಾಡುತ್ತಿದ್ದರು. ತೋಳು ಹೊರಕ್ಕೆ ತಿರುಗುವುದೇ ನಿಂತರೆ ಗುಂಡು ಮುಂದಕ್ಕೆ ಜಾರುವ ಸಂದರ್ಭವೇ ಒದಗದಷ್ಟೆ! ದಶಕಗಳ ಕಾಲ ಇದು ಸಫಲ ಚಿಕಿತ್ಸೆಯೆಂದೇ ಪರಿಗಣಿತವಾಗಿತ್ತು. ಏಕೆಂದರೆ ಆಸ್ಪತ್ರೆಯ ಲೆಕ್ಕಪುಸ್ತಕ ಕೇಳುತ್ತಿದ್ದುದು ಭುಜ ಮತ್ತೆ ಕಳಚಿತೋ ಇಲ್ಲವೋ ಎಂಬ ಒಂದೇ ಪ್ರಶ್ನೆಯನ್ನು. ಅದೇ ರೋಗಿ ಚೆಂಡೆಸೆಯಬಲ್ಲನೆ, ಈಜಬಲ್ಲನೆ, ಬಾವಿಯಿಂದ ನೀರು ಸೇದಬಲ್ಲನೆ ಎಂದು ವಿಚಾರಿಸಿದವರು ಕಡಿಮೆ. ಮಿತಿಮೀರಿ ಬಿಗಿದ ಕೀಲಿನಲ್ಲಿ ಗುಂಡು ಹಿಂದಕ್ಕೆ ಒತ್ತಲ್ಪಟ್ಟು, ಇಪ್ಪತ್ತು ಮೂವತ್ತು ವರ್ಷಗಳ ಅನಂತರ ಮೃದ್ವಸ್ಥಿ ಸವೆದು ಸಂಧಿವಾತ ತಲೆದೋರಿದಾಗ ಮಾತ್ರ, ಗೆದ್ದೆವೆಂದುಕೊಂಡ ಯುದ್ಧದ ನಿಜವಾದ ಬೆಲೆ ತಿಳಿಯಿತು.

ರೋಗಿ ಮನೆಗೆ ಹೋದ ಮೇಲೆ ಏನಾದನೆಂದು ಕೇಳಲೇಬೇಕೆಂದು ಹಟ ಹಿಡಿದವರೂ ಇದ್ದರು. ಬಾಸ್ಟನ್ನಿನ ಅರ್ನೆಸ್ಟ್ ಅಮೊರಿ ಕಾಡ್ಮನ್ ರೊಟೇಟರ್ ಕಫ್ಪಿನ ಹರಿದ ಸ್ನಾಯುರಜ್ಜುವನ್ನು ಹೊಲಿದ ವೃತ್ತಾಂತವನ್ನು 1911ರಲ್ಲಿಯೇ ಪ್ರಕಟಿಸಿದವರು. ಭುಜವನ್ನೇ ವಿಷಯವಾಗಿಟ್ಟುಕೊಂಡ ಅವರ ಮಹಾಗ್ರಂಥ ಬಂದದ್ದು 1934ರಲ್ಲಿ. ಪ್ರತಿಯೊಬ್ಬ ರೋಗಿಯನ್ನೂ ವರ್ಷಗಟ್ಟಲೆ ಹಿಂಬಾಲಿಸಿ ಚಿಕಿತ್ಸೆಯ ಅಂತಿಮ ಫಲವನ್ನು ದಾಖಲಿಸಬೇಕೆಂಬ ಅವರ ಬೇಡಿಕೆ ಸಹೋದ್ಯೋಗಿಗಳಿಗೆ ರುಚಿಸಲಿಲ್ಲ. ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯನ್ನು ಬಿಟ್ಟುಹೊರಟ ಅವರು, ತಮ್ಮ ಸ್ವಂತ ಪುಟ್ಟ ಆಸ್ಪತ್ರೆಯಲ್ಲಿ 1911ರಿಂದ 1916ರವರೆಗೆ ಚಿಕಿತ್ಸೆ ಪಡೆದ 337 ರೋಗಿಗಳ ಲೆಕ್ಕವನ್ನೂ, ಅವರಲ್ಲಿ ತಮ್ಮಿಂದಾದ 123 ಲೋಪಗಳನ್ನೂ ಬಹಿರಂಗವಾಗಿ ಅಚ್ಚುಹಾಕಿಸಿದರು. ಬದುಕಿದ್ದಾಗ ಅವರಿಗೆ ದೊರೆತ ಮನ್ನಣೆ ಅತ್ಯಲ್ಪ. ಇಂದು ಭುಜದ ಶಸ್ತ್ರಚಿಕಿತ್ಸೆಯಾದ ಪ್ರತಿಯೊಬ್ಬ ರೋಗಿಯೂ ಮುಂದಕ್ಕೆ ಬಾಗಿ, ತೋಳನ್ನು ಇಳಿಬಿಟ್ಟು ಮೆಲ್ಲಗೆ ತೂಗಾಡಿಸುವ ಮೊದಲನೆಯ ವ್ಯಾಯಾಮಕ್ಕೆ ಅವರದೇ ಹೆಸರಿದೆ.

ಬ್ಯಾಂಕಾರ್ಟರ ಕಷ್ಟಸಾಧ್ಯವಾದ ಹೊಲಿಗೆ ಸುಲಭವಾದದ್ದು ಎರಡು ಸಾಧನಗಳಿಂದ. ಟೋಕಿಯೋದಲ್ಲಿ ಕೆಂಜಿ ತಕಗಿ 1918ರಲ್ಲಿ ಮೂತ್ರಕೋಶದ ದರ್ಶಕವನ್ನು ಶವದ ಮೊಣಕಾಲಿನೊಳಕ್ಕೆ ತೂರಿಸಿ ನೋಡಿದುದು, ಅವರ ಶಿಷ್ಯ ಮಸಾಕಿ ವತನಬೆ ಯುದ್ಧಾನಂತರದ ವರ್ಷಗಳಲ್ಲಿ ಕಟ್ಟಿದ ಉಪಕರಣಗಳ ಮೂಲಕ ಬೆಳೆದು, ಆರ್ತ್ರೋಸ್ಕೋಪಿ ಎಂಬ ಕೀಲುದರ್ಶನದ ವಿದ್ಯೆಯಾಯಿತು. ಪೆನ್ಸಿಲಿನ ಗಾತ್ರದ ನಳಿಕೆಯನ್ನು ಸಣ್ಣ ರಂಧ್ರದಿಂದ ಒಳಗಿಳಿಸಿ, ಕೀಲಿನ ಒಳಭಾಗವನ್ನು ಪರದೆಯ ಮೇಲೆ ಕಾಣುತ್ತ ಕೆಲಸಮಾಡುವುದು ಸಾಧ್ಯವಾದ ಮೇಲೆ, ಭುಜವನ್ನು ಅಗಲವಾಗಿ ಕೊಯ್ದು ತೆರೆಯುವ ಅಗತ್ಯ ಬಹುಮಟ್ಟಿಗೆ ತಪ್ಪಿತು. ಎರಡನೆಯದು, 1980ರ ದಶಕದಿಂದ ಬಳಕೆಗೆ ಬಂದ ದಾರ ಪೋಣಿಸಿದ ಪುಟ್ಟ ಮೊಳೆಗಳು: ಇವನ್ನು ತಗ್ಗಿನ ಅಂಚಿನ ಮೂಳೆಗೆ ಇಳಿಸಿ, ಹೊರಬಂದ ದಾರಗಳಿಂದ ಅಂಚುಪಟ್ಟಿಯನ್ನು ಅದರ ಸ್ವಸ್ಥಾನಕ್ಕೆ ಎಳೆದು ಕಟ್ಟುತ್ತಾರೆ. ಅಮೆರಿಕದ ಫುಟ್‌ಬಾಲಿನ ಡ್ರೂ ಬ್ರೀಸ್ 2005ರ ಕೊನೆಯ ದಿನ ಚೆಂಡೆಸೆಯುವ ಭುಜವನ್ನು ಕಳಚಿಕೊಂಡು, ಅಂಚುಪಟ್ಟಿ ಸುತ್ತಲೂ ಕಿತ್ತುಹೋಗಿ, ಅಲಬಾಮದ ಜೇಮ್ಸ್ ಆಂಡ್ರ್ಯೂಸ್ ಅವರಿಂದ ಹೀಗೆಯೇ ಹೊಲಿಸಿಕೊಂಡಾಗ, ಆ ಭುಜ ಮತ್ತೆ ಕೆಲಸಕ್ಕೆ ಬಂದೀತೆಂದು ನಂಬಿದ ತಂಡಗಳು ಅಪರೂಪವಾಗಿದ್ದವು. ನಂಬಿದ ನ್ಯೂ ಆರ್ಲಿಯನ್ಸ್ 2010ರ ಫೆಬ್ರವರಿಯಲ್ಲಿ ರಾಷ್ಟ್ರದ ಪರಮೋಚ್ಚ ಪ್ರಶಸ್ತಿಯನ್ನು ಅವನಿಂದ ಪಡೆಯಿತು.

ಹೊಲಿಗೆಯೊಂದೇ ಸರ್ವರೋಗಕ್ಕೂ ಮದ್ದೆಂಬ ಭ್ರಮೆ ಬಹುಕಾಲ ಉಳಿಯಲಿಲ್ಲ. ಭುಜ ಪ್ರತಿಸಲ ಕಳಚಿದಾಗಲೂ ಗುಂಡು ತಗ್ಗಿನ ಮುಂಬದಿಯ ಅಂಚನ್ನು ಒಂದಿಷ್ಟು ಸವೆಯಿಸುತ್ತದೆ, ಅದೇ ಅಂಚಿಗೆ ಬಡಿದು ಗುಂಡಿನ ಹಿಂಬದಿಯಲ್ಲಿ ತಗ್ಗುಬೀಳುತ್ತದೆ. ಈ ಎರಡನೆಯ ಗಾಯವನ್ನು 1940ರಲ್ಲಿ ಹಿಲ್ ಮತ್ತು ಸ್ಯಾಕ್ಸ್ ಎಂಬ ಕ್ಷಕಿರಣತಜ್ಞರಿಬ್ಬರು ವಿವರಿಸಿದ್ದರು. ಅಂಚಿನ ಮೂಳೆಯೇ ಸವೆದಿರುವಲ್ಲಿ ಪಟ್ಟಿಯನ್ನು ಎಷ್ಟು ಅಂದವಾಗಿ ಹೊಲಿದರೇನು? 2000ದಲ್ಲಿ ಟೆಕ್ಸಾಸಿನ ಬರ್ಕ್‌ಹಾರ್ಟ್, ಕೇಪ್‌ಟೌನಿನ ಡಿ ಬಿಯರ್ ಇವರಿಬ್ಬರು ಆರ್ತ್ರೋಸ್ಕೋಪಿಯಿಂದ ಹೊಲಿದ 194 ಭುಜಗಳ ಫಲಿತಾಂಶವನ್ನು ಮುಂದಿಟ್ಟಾಗ ಇದರ ಗಾಂಭೀರ್ಯ ಎಲ್ಲರಿಗೂ ತಿಳಿಯಿತು: ಮೂಳೆಯ ಗಣನೀಯ ನಷ್ಟವಿಲ್ಲದವರಲ್ಲಿ ಮತ್ತೆ ಕಳಚಿದ್ದು ಶೇಕಡ 4ರಷ್ಟು ಮಾತ್ರ, ನಷ್ಟವಿದ್ದವರಲ್ಲಿ ಶೇಕಡ 67. ಇಂಥವರಿಗೆ ಫ್ರಾನ್ಸಿನ ಲಿಯೋನ್ ನಗರದ ಮಿಶೆಲ್ ಲಾತಾರ್ಜೆ 1954ರಲ್ಲಿ ಸೂಚಿಸಿದ ವಿಧಾನವೇ ಇಂದು ಹೆಚ್ಚಿನ ಆಸರೆ. ಹೆಗಲೆಲುಬಿನಿಂದ ಮುಂದಕ್ಕೆ ಬಾಗಿ ಚಾಚಿರುವ ಕೊರಕಾಯ್ಡ್ ಎಂಬ ಮೂಳೆತುದಿಯನ್ನು, ಅದಕ್ಕಂಟಿದ ಸ್ನಾಯುರಜ್ಜುಗಳೊಡನೆಯೇ ಕತ್ತರಿಸಿ ತಂದು, ಸವೆದ ಅಂಚಿಗೆ ತಿರುಪುಮೊಳೆಗಳಿಂದ ಜೋಡಿಸಿದರೆ, ತಗ್ಗು ಅಗಲವಾಗುವುದಲ್ಲದೆ, ತೋಳನ್ನು ಮೇಲೆತ್ತಿ ಹೊರತಿರುಗಿಸಿದ ಅಪಾಯದ ಭಂಗಿಯಲ್ಲಿ ಆ ಸ್ನಾಯುರಜ್ಜುಗಳೇ ಗುಂಡಿನ ಮುಂದೆ ಅಡ್ಡವಾಗಿ ಬಿಗಿದು ನಿಲ್ಲುತ್ತವೆ. ನರಗಳು ತೀರ ಸಮೀಪದಲ್ಲಿ ಹಾದುಹೋಗುವ ಎಡೆಯಾದ್ದರಿಂದ ಇದು ಪಳಗಿದ ಕೈಗಳಿಗೆ ಮಾತ್ರ ತಕ್ಕ ಕೆಲಸ.

ಹಾಗಾದರೆ ಭುಜ ಮೊದಲ ಸಲ ಕಳಚಿದೊಡನೆಯೇ, ಮೂಳೆ ಸವೆಯುವುದಕ್ಕೆ ಮುನ್ನ, ಶಸ್ತ್ರಚಿಕಿತ್ಸೆ ಮಾಡಿಬಿಡುವುದು ಲೇಸಲ್ಲವೆ? ಇಲ್ಲಿ ಪ್ರಮಾಣಗಳು ಎರಡು ಕಡೆಗೂ ಎಳೆಯುತ್ತವೆ. ಅಮೆರಿಕದ ವೆಸ್ಟ್ ಪಾಯಿಂಟ್ ಸೈನಿಕ ವಿದ್ಯಾಲಯದ ತರುಣರಲ್ಲಿ ನಡೆಸಿ 1994ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಶಸ್ತ್ರಚಿಕಿತ್ಸೆಯಿಲ್ಲದೆ ಕೈಯನ್ನು ಕಟ್ಟಿಟ್ಟು ವಾಸಿಮಾಡಿದ 15 ಮಂದಿಯಲ್ಲಿ 12 ಮಂದಿಗೆ ಭುಜ ಮತ್ತೆ ಕಳಚಿತು. ಶಸ್ತ್ರಚಿಕಿತ್ಸೆಯಾದ 21 ಮಂದಿಯಲ್ಲಿ ಮೂವರಿಗೆ ಮಾತ್ರ. ಅತ್ತ ಸ್ವೀಡನ್ನಿನ ಲೆನ್ನಾರ್ಟ್ ಹೊವೆಲಿಯಸ್, ಮೊದಲ ಸಲ ಭುಜ ಕಳಚಿಕೊಂಡ ಯುವಕಯುವತಿಯರನ್ನು 25 ವರ್ಷಗಳ ಕಾಲ ಹಿಂಬಾಲಿಸಿ ನೋಡಿದಾಗ, ಹನ್ನೆರಡರಿಂದ ಇಪ್ಪತ್ತೈದರ ಹರೆಯದವರಲ್ಲಿಯೂ ಸುಮಾರು ಅರ್ಧದಷ್ಟು ಭುಜಗಳು ಮತ್ತೆ ಕಳಚಲೇ ಇಲ್ಲ, ಇಲ್ಲವೆ ಕಾಲಕ್ರಮದಲ್ಲಿ ತಾವಾಗಿಯೇ ಸ್ಥಿರಗೊಂಡವು. ಸೈನಿಕ ತರಬೇತಿಯ ತರುಣರೂ ಊರಿನ ಸಾಮಾನ್ಯ ಜನರೂ ಒಂದೇ ಅಲ್ಲವೆಂಬುದೇ ಈ ಅಂತರದ ಬಹುಪಾಲಿಗೆ ಕಾರಣ. ಇಪ್ಪತ್ತು ತುಂಬದ ರಗ್ಬಿ ಆಟಗಾರನಿಗೆ ಬೇಗನೆ ಶಸ್ತ್ರಚಿಕಿತ್ಸೆ ಮಾಡುವುದು ನ್ಯಾಯವೆಂದೂ, ಮೂವತ್ತೈದರ ಬ್ಯಾಡ್ಮಿಂಟನ್ ಪ್ರಿಯನಿಗೆ ಕಾಯುವುದು ಕ್ಷೇಮವೆಂದೂ ಹೇಳಬಹುದು. ನಡುವಿನವರನ್ನು ಕುರಿತು ಸೂತ್ರರೂಪದ ಉತ್ತರ ಕೊಡುವವರನ್ನು ನಾನು ನಂಬಲಾರೆ. ಆಟದ ಋತುವೂ ತೀರ್ಮಾನದೊಳಕ್ಕೆ ಬರುತ್ತದೆ: 2017ರಲ್ಲಿ ಆಸ್ಟ್ರೇಲಿಯದ ವಿರುದ್ಧದ ಟೆಸ್ಟ್ ಸರಣಿಯಲ್ಲಿ ನಮ್ಮ ಕೆ. ಎಲ್. ರಾಹುಲ್ ಗಾಯಗೊಂಡ ಭುಜವನ್ನು ಹೊತ್ತುಕೊಂಡೇ ಏಳು ಇನಿಂಗ್ಸುಗಳಲ್ಲಿ ಆರು ಅರ್ಧಶತಕಗಳನ್ನು ಗಳಿಸಿ, ಸರಣಿ ಮುಗಿದ ಮೇಲೆ ಶಸ್ತ್ರಚಿಕಿತ್ಸೆಗೆ ಹೋದರು. ಆ ವರ್ಷದ ಐಪಿಎಲ್ ಮತ್ತು ಚಾಂಪಿಯನ್ಸ್ ಟ್ರೋಫಿ ಎರಡೂ ಅವರಿಗೆ ತಪ್ಪಿದವು.

ಎಸೆಯುವವರ ಭುಜ ಇದಕ್ಕಿಂತ ಸೂಕ್ಷ್ಮವಾದ ಸಮಸ್ಯೆ. ಅಲ್ಲಿ ಕೀಲು ಕಳಚಿರುವುದಿಲ್ಲ. ಸಾವಿರಾರು ಎಸೆತಗಳಿಂದ ಕೋಶದ ಮುಂಬದಿ ಸಡಿಲಗೊಂಡು, ಹಿಂಬದಿ ಬಿಗಿದು, ಗುಂಡು ತನ್ನ ಕೇಂದ್ರದಿಂದ ಕೂದಲೆಳೆಯಷ್ಟು ಸರಿದಿರುತ್ತದೆ. ತೋಳನ್ನು ಹಿಂದಕ್ಕೆ ಬಾಗಿಸಬಲ್ಲ ಆ ಸಡಿಲವೇ ಎಸೆತಗಾರನ ಸಂಪತ್ತು, ಅದೇ ಅವನ ವ್ಯಾಧಿಯ ಬೀಜ. ಲಾಸ್ ಏಂಜಲೀಸಿನ ಫ್ರಾಂಕ್ ಜೋಬ್ ಇದನ್ನು ಚೆನ್ನಾಗಿ ಅರಿತಿದ್ದರು. ಸಬ್‌ಸ್ಕ್ಯಾಪುಲಾರಿಸ್ ಸ್ನಾಯುವನ್ನು ಪುಟ್ಟಿ, ಪ್ಲಾಟರಂತೆ ಅಡ್ಡಲಾಗಿ ಕತ್ತರಿಸದೆ, ಅದರ ಎಳೆಗಳ ಗುಂಟ ಸೀಳಿ ಬದಿಗೆ ಸರಿಸಿ, ಒಳಗಿನ ಸಡಿಲವಾದ ಕೋಶವನ್ನು ಬೇಕಾದಷ್ಟೇ ಬಿಗಿದು, ಸ್ನಾಯುವನ್ನು ಮತ್ತೆ ಮುಚ್ಚುವ ಕ್ರಮವನ್ನು ಅವರು ರೂಪಿಸಿದರು. ಚಲನೆಯ ಸಾಧನವನ್ನು ಗಾಯಗೊಳಿಸದೆ ಸ್ಥೈರ್ಯವನ್ನು ತರಬಹುದೆಂಬ ಈ ವಿಚಾರ, ಬ್ಯಾಂಕಾರ್ಟರ ಮೂಲ ಆಶಯಕ್ಕೆ ಮರಳಿದ ದಾರಿಯೆನ್ನಬೇಕು. 1988ರಲ್ಲಿ ಸತತ 59 ಇನಿಂಗ್ಸುಗಳಲ್ಲಿ ಎದುರಾಳಿಗೆ ಒಂದು ರನ್ನನ್ನೂ ಕೊಡದೆ ದಾಖಲೆ ಸ್ಥಾಪಿಸಿದ್ದ ಬೇಸ್‌ಬಾಲ್ ಆಟಗಾರ ಓರೆಲ್ ಹರ್ಷೈಸರ್, 1990ರ ಏಪ್ರಿಲಿನಲ್ಲಿ ಜೋಬರ ಶಸ್ತ್ರಚಿಕಿತ್ಸೆಗೆ ಒಳಗಾಗಿ, ಮರುವರ್ಷದ ಮೇ ತಿಂಗಳಲ್ಲಿ ಮೈದಾನಕ್ಕೆ ಮರಳಿ, 2000ದವರೆಗೂ ಆಡಿದರು.

ಎಲ್ಲ ಭುಜಗಳೂ ಹೀಗೆ ಮರಳಲಿಲ್ಲ. ತಗ್ಗಿನ ಮೇಲಂಚಿನಲ್ಲಿ, ಬೈಸೆಪ್ಸಿನ ಸ್ನಾಯುರಜ್ಜು ಅಂಟಿಕೊಂಡಿರುವ ಎಡೆಯಲ್ಲಿ, ಪಟ್ಟಿ ಕಿತ್ತುಬರುವುದನ್ನು ಆಂಡ್ರ್ಯೂಸ್ 1985ರಲ್ಲಿ 73 ಎಸೆತಗಾರರಲ್ಲಿ ಕಂಡು ವರದಿಮಾಡಿದರು. 1990ರಲ್ಲಿ ಸ್ಟೀಫನ್ ಸ್ನೈಡರ್ ಅದಕ್ಕೆ ಸ್ಲ್ಯಾಪ್ ಎಂಬ ಹೆಸರಿಟ್ಟರು. ಹೆಸರು ದೊರೆತ ಮೇಲೆ, ಎಂಆರ್‌ಐ ಚಿತ್ರಗಳಲ್ಲಿ ಅದು ಎಲ್ಲೆಲ್ಲಿಯೂ ಕಾಣತೊಡಗಿತು, ಕಂಡಲ್ಲೆಲ್ಲ ಹೊಲಿಗೆ ಬಿದ್ದಿತು. ನೋವೇ ಇಲ್ಲದೆ ಆಡುತ್ತಿರುವ ಎಸೆತಗಾರರ ಭುಜದಲ್ಲಿಯೂ ಇಂಥ ಹರುಕುಗಳು ಹೇರಳವಾಗಿರುತ್ತವೆಂಬುದು ತಡವಾಗಿ ತಿಳಿಯಿತು. 2017ರಲ್ಲಿ ನಾರ್ವೆಯ ವೈದ್ಯರು 118 ರೋಗಿಗಳನ್ನು ಮೂರು ಪಂಗಡಗಳಾಗಿ ಮಾಡಿ, ಒಂದಕ್ಕೆ ಪಟ್ಟಿಯ ಹೊಲಿಗೆ, ಇನ್ನೊಂದಕ್ಕೆ ಬೈಸೆಪ್ಸ್ ರಜ್ಜುವಿನ ಸ್ಥಳಾಂತರ, ಮೂರನೆಯದಕ್ಕೆ ಚರ್ಮವನ್ನು ಕೊಯ್ದು ಒಳಗೆ ನೋಡಿ ಏನನ್ನೂ ದುರಸ್ತಿಮಾಡದ ಹುಸಿ ಶಸ್ತ್ರಚಿಕಿತ್ಸೆ, ಹೀಗೆ ನಡೆಸಿದ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಎರಡು ವರ್ಷಗಳ ಅನಂತರ ಮೂರು ಪಂಗಡಗಳಲ್ಲಿಯೂ ಗಮನಾರ್ಹವಾದ ಭೇದವಿರಲಿಲ್ಲ. ಅವರಲ್ಲಿ ಬಹುಮಂದಿ ನಲವತ್ತರ ಆಸುಪಾಸಿನವರೆಂಬುದನ್ನೂ, ಉನ್ನತ ಮಟ್ಟದ ಎಸೆತಗಾರರಿಗೆ ಈ ತೀರ್ಪನ್ನು ನೇರವಾಗಿ ಅನ್ವಯಿಸಲಾಗದೆಂಬುದನ್ನೂ ಮರೆಯಬಾರದು; ಆದರೂ, ಚಿತ್ರದಲ್ಲಿ ಕಂಡುದನ್ನೆಲ್ಲ ಹೊಲಿಯುವ ಆತುರಕ್ಕೆ ಇದಕ್ಕಿಂತ ಪ್ರಬಲವಾದ ಎಚ್ಚರಿಕೆ ಬೇರೆಯಿಲ್ಲ. ಕಾಡ್ಮನ್ ಬದುಕಿದ್ದರೆ ಸಂತೋಷಪಡುತ್ತಿದ್ದರು.

ಯಶಸ್ವಿಯಾದ ಶಸ್ತ್ರಚಿಕಿತ್ಸೆಯೂ ಮೊದಲಿನ ಭುಜವನ್ನೇ ಹಿಂದಿರುಗಿಸುತ್ತದೆಂಬ ಭರವಸೆಯಿಲ್ಲ. ಟೆನಿಸ್ಸಿನ ಮರಿಯಾ ಶರಪೋವ 2008ರ ಅಕ್ಟೋಬರಿನಲ್ಲಿ ಬಲಭುಜದ ಶಸ್ತ್ರಚಿಕಿತ್ಸೆಯಾಗಿ ಮರುವರ್ಷ ಅಂಗಣಕ್ಕೆ ಬಂದಾಗ, ಅವರ ಸರ್ವ್ ತನ್ನ ಹಳೆಯ ವಿಸ್ತಾರವನ್ನು ಕಳೆದುಕೊಂಡು ಮೊಟಕಾಗಿತ್ತು, 2009ರ ಯು.ಎಸ್. ಓಪನ್ನಿನಲ್ಲಿ ಮೆಲನಿ ಔಡಿನ್ ಎದುರು ಸೋತ ಒಂದೇ ಪಂದ್ಯದಲ್ಲಿ 21 ಡಬಲ್ ಫಾಲ್ಟುಗಳಾದವು. ಆಕೆ ತನ್ನ ಸರ್ವನ್ನು ಹೊಸ ಭುಜಕ್ಕೆ ಹೊಂದುವಂತೆ ಮರಳಿ ಕಟ್ಟಿಕೊಂಡು, 2012ರಲ್ಲಿ, ಮತ್ತೆ 2014ರಲ್ಲಿ ಫ್ರೆಂಚ್ ಓಪನ್ ಗೆದ್ದುದನ್ನು ನಾನು ಶಸ್ತ್ರವೈದ್ಯದ ಗೆಲುವಿಗಿಂತ ಹೆಚ್ಚಾಗಿ ಛಲದ ಗೆಲುವೆಂದೇ ಎಣಿಸುತ್ತೇನೆ.

ಆ ಛಲಕ್ಕೆ ಕೆಲಸ ಸಿಗುವುದು ಶಸ್ತ್ರಚಿಕಿತ್ಸೆಯ ಮರುದಿನದಿಂದ. ಮೂರರಿಂದ ಆರು ವಾರಗಳ ಕಾಲ ಕೈ ಜೋಲಿಪಟ್ಟಿಯಲ್ಲಿರಬೇಕು. ಹೊಲಿದ ಪಟ್ಟಿ ಮೂಳೆಗೆ ಬೆಸೆಯಲು ಸುಮಾರು ಮೂರು ತಿಂಗಳು ಬೇಕೆಂಬುದು ದೇಹದ ನಿಯಮ, ಎಂಥ ಉತ್ತಮ ಮೊಳೆಯೂ ಅದನ್ನು ತಗ್ಗಿಸಲಾರದು. ಆಮೇಲೆ ಸ್ನಾಯುಗಳಿಗೆ ಬಲ ತುಂಬುವ ಕೆಲಸ, ಹೆಗಲೆಲುಬನ್ನು ಹಿಡಿತಕ್ಕೆ ತರುವ ಕೆಲಸ. ಮೈಗೆ ಮೈ ತಾಗುವ ಆಟಗಳಿಗೆ ಮರಳಲು ಆರು ತಿಂಗಳು ಹಿಡಿದರೆ, ಎಸೆಯುವವರಿಗೆ ಒಂಬತ್ತು ತಿಂಗಳೋ ವರ್ಷವೋ ಆಗುವುದುಂಟು. ಮರಳಬಹುದೆಂದು ಒಪ್ಪುವ ಮೊದಲು ವೈದ್ಯರು ಎರಡು ಕೈಗಳ ಬಲವನ್ನೂ ಹೊರತಿರುವನ್ನೂ ಹೋಲಿಸಿ ಅಳೆಯುತ್ತಾರೆ; ತೋಳನ್ನು ಎಸೆಯುವ ಭಂಗಿಗೆ ಮೆಲ್ಲಗೆ ಒಯ್ದು, ಕ್ರೀಡಾಪಟುವಿನ ಮುಖದಲ್ಲಿ ಭುಜ ಜಾರೀತೆಂಬ ಅಂಜಿಕೆ ಮೂಡುವುದೋ ಎಂದು ನೋಡುತ್ತಾರೆ. ಈ ತಿಂಗಳುಗಳಲ್ಲಿ ದಿನವೂ ಜೊತೆಗಿರುವ ಫಿಸಿಯೋಥೆರಪಿಸ್ಟರ ಹೆಸರು ಯಾವ ಪತ್ರಿಕೆಯಲ್ಲಿಯೂ ಬರುವುದಿಲ್ಲವೆಂಬುದು ನನಗೆ ಯಾವಾಗಲೂ ಅನ್ಯಾಯವೆಂದೇ ತೋರಿದೆ.

ಇಷ್ಟನ್ನೆಲ್ಲ ಬರೆಯುವಾಗ ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ನಮ್ಮ ಹಳ್ಳಿಗಳ ಕಬಡ್ಡಿ ಅಂಕಣಗಳ ಕಡೆಗೆ. ಜಾತ್ರೆಗೋ ಗಣೇಶನ ಹಬ್ಬಕ್ಕೋ ದೀಪಗಳ ಬೆಳಕಿನಲ್ಲಿ ನಡೆಯುವ ಪಂದ್ಯಗಳಲ್ಲಿ, ರೇಡರನ ಕೈಯನ್ನು ನಾಲ್ವರು ಹಿಡಿದೆಳೆದಾಗ ಭುಜ ಕಳಚಿಕೊಳ್ಳುವುದು ಅಪರೂಪದ ಸಂಗತಿಯಲ್ಲ. ಬಳಗದವನೊಬ್ಬ ಅಲ್ಲೇ ಕೈಯನ್ನೆಳೆದು ಕೂರಿಸುತ್ತಾನೆ, ಇಲ್ಲವೆ ಮೂಳೆ ಕಟ್ಟುವವರಲ್ಲಿಗೆ ಕರೆದೊಯ್ಯುತ್ತಾರೆ. ನೋವು ಇಳಿದ ಹತ್ತೆಂಟು ದಿನಗಳಿಗೆ ಹುಡುಗ ಮತ್ತೆ ಅಂಕಣದಲ್ಲಿರುತ್ತಾನೆ. ಎಳೆದು ಕೂರಿಸುವವರ ಅನುಭವವನ್ನು ನಾನು ಹಗುರವಾಗಿ ಕಾಣುವವನಲ್ಲ. ಸುಶ್ರುತನ ಒನಕೆಯಿಂದ ಈಚೆಗೆ ಆ ಕೌಶಲಕ್ಕೂ ಪರಂಪರೆಯಿದೆ. ಆದರೆ ಕಳಚಿದ ಭುಜದೊಡನೆ ಮೂಳೆ ಮುರಿದಿರುವುದುಂಟು, ಭುಜದ ಹೊರಭಾಗಕ್ಕೆ ಸ್ಪರ್ಶಜ್ಞಾನ ಕೊಡುವ ನರ ಜಗ್ಗಿರುವುದುಂಟು. ಮೂಳೆಯ ಮುರಿತವನ್ನು ಎಕ್ಸ್‌ರೇ ಇಲ್ಲದೆ ನಿಶ್ಚಯಿಸಲಾಗದು. ಅದಕ್ಕಿಂತ ಹೆಚ್ಚಿನ ಹಾನಿ ಸದ್ದಿಲ್ಲದೆ ಆಗುವಂಥದು: ಹತ್ತು ಹದಿನೈದು ಸಲ ಕಳಚಿ ಕೂರಿಸಿದ ಮೇಲೆ ಆ ಹುಡುಗ ನಗರದ ಆಸ್ಪತ್ರೆಗೆ ಬರುವ ಹೊತ್ತಿಗೆ ಅಂಚಿನ ಮೂಳೆ ಸವೆದುಹೋಗಿ, ಮೂರು ಮೊಳೆಗಳ ಹೊಲಿಗೆಯಲ್ಲಿ ಮುಗಿಯಬಹುದಾಗಿದ್ದ ಕೆಲಸ ಲಾತಾರ್ಜೆಯ ದೊಡ್ಡ ಶಸ್ತ್ರಚಿಕಿತ್ಸೆಯಾಗಿ ಬೆಳೆದಿರುತ್ತದೆ. ಖರ್ಚಿನ ಮಾತು ಹಾಗಿರಲಿ. ಅದನ್ನು ಪಳಗಿದ ಕೈಯಿಂದ ಮಾಡಬಲ್ಲವರು ಎಲ್ಲ ಊರುಗಳಲ್ಲಿಯೂ ಇಲ್ಲ, ಅನಂತರದ ಆರು ತಿಂಗಳ ವ್ಯಾಯಾಮವನ್ನು ಕಲಿಸಿ ತಿದ್ದುವವರು ಇನ್ನೂ ಕಡಿಮೆ.

ಪಂದ್ಯಾವಳಿಗಳಿಗೆ ಚಪ್ಪರ, ದೀಪ, ಬಹುಮಾನದ ಟ್ರೋಫಿಗಳನ್ನು ಉದಾರವಾಗಿ ಒದಗಿಸುವ ಸಂಘಗಳು, ಮೊದಲ ಸಲ ಭುಜ ಕಳಚಿದ ಆಟಗಾರನನ್ನು ಅದೇ ರಾತ್ರಿ ತಾಲ್ಲೂಕು ಆಸ್ಪತ್ರೆಗೆ ಕಳುಹಿಸಿ ಎಕ್ಸ್‌ರೇ ತೆಗೆಸುವುದನ್ನೂ, ದಿನಾಂಕ ಸಹಿತ ಅದನ್ನು ಬರೆದಿಡುವುದನ್ನೂ, ವೈದ್ಯರ ಒಪ್ಪಿಗೆಯಿಲ್ಲದೆ ಮುಂದಿನ ಪಂದ್ಯಕ್ಕೆ ಅವನ ಹೆಸರನ್ನು ಸೇರಿಸದಿರುವುದನ್ನೂ ನಿಯಮ ಮಾಡಿಕೊಳ್ಳುವುದಕ್ಕೆ ದೊಡ್ಡ ಹಣವೇನೂ ಬೇಕಾಗಿಲ್ಲ. ಜಿಲ್ಲೆಗೊಂದು ಕ್ರೀಡಾಂಗಣವಿರುವ ನಮ್ಮ ನಾಡಿನಲ್ಲಿ, ಆ ಪ್ರತಿಯೊಂದು ಕ್ರೀಡಾಂಗಣದಲ್ಲಿಯೂ ಒಬ್ಬ ಫಿಸಿಯೋಥೆರಪಿಸ್ಟ್ ವಾರದಲ್ಲಿ ಎರಡು ಸಂಜೆಯಾದರೂ ಕುಳಿತುಕೊಳ್ಳುವಂತಾದರೆ, ಹೊಲಿಗೆ ಹಾಕಿಸಿಕೊಂಡು ಊರಿಗೆ ಹಿಂದಿರುಗಿದ ಹುಡುಗನಿಗೆ ತನ್ನ ತೋಳನ್ನು ಎಷ್ಟು ಎತ್ತಬೇಕು, ಎಂದು ಎತ್ತಬೇಕೆಂದು ಕೇಳುವುದಕ್ಕೆ ಇನ್ನೂರು ಮೈಲಿ ಬಸ್ಸಿನಲ್ಲಿ ಹೋಗಬೇಕಾದ ಪ್ರಮೇಯ ಬರಲಾರದು.